ಮೂರುಕವಲಿನ ಹೊರೆಶಿಲುಬೆಯ ಮಹಿಮೆ

ಡಾಂಬರು ರಸ್ತೆಯೆಂಬುದು ಯಾರ ಕನಸಿಗೂ ಬಾರದಿದ್ದ, ಉಪ್ಪೆಂಬ ಸಮುದ್ರಪ್ರಸಾದವು ಮನುಷ್ಯಶಿರವನ್ನೇ ವಾಹನವಾಗಿಸಿಕೊಂಡು ಘಟ್ಟವೇರುತ್ತಿದ್ದ ಪುರಾತನ ಕಾಲದಲ್ಲಿ, ಕಡಲತಡಿಯ ಕ್ರೈಸ್ತರ ಕೇರಿಯಲ್ಲಿ ಕಾಯ್ತು ಎಂಬ ಪರಮಸಾಧುವಾದ ಹೊರೆಯಾಳೊಬ್ಬನಿದ್ದನು. ಅವನ ಧರ್ಮಪತ್ನಿ ಮೊಂತಿನಬಾಯಿಯು ತುಂಬುಗರ್ಭದಲ್ಲಿ ಉಪ್ಪು ಹೊತ್ತು, ಮೂರುಕವಲಿನ ಏರಿನಲ್ಲಿ ಹೊರೆಯಿಳಿಸಿಕೊಳ್ಳಲು ಒಂದು ಕೈಯೂ ಸಿಗದೆ, ಕುಸಿದು ಪ್ರಾಣಬಿಟ್ಟಳು. ಅಲ್ಲೊಂದು ಶಿಲುಬೆ ನಿಂತು, ಪಾದ್ರಿಗಳು ಅದಕ್ಕೆ ಪವಿತ್ರಜಲ ಚಿಮುಕಿಸದ ಹೊರತು ಅವಳಿಗೆ ಶಾಂತಿಯಿಲ್ಲವೆಂದು ಕಾಯ್ತು ಹರಕೆ ಹೊತ್ತನು.

ಅವನು ಕೆಲಸ ಒಪ್ಪಿಸಿದ ಕಲ್ಲುಕುಟಿಗ ಶೇಷಾಚಾರಿಯಾದರೋ ಜನ್ಮದಲ್ಲಿ ಶಿಲುಬೆ ಕಂಡವನಲ್ಲ. ಬಸುರಿ ಸತ್ತಲ್ಲಿ, ದಾರಿಹೋಕರು ಭಾರವಿಳಿಸಲೆಂದು ಹೊರೆಗಲ್ಲು ನೆಡುವುದೇ ಅವನ ಕುಲಾಚಾರ. ಆಳೆತ್ತರದ ಕಂಬಕ್ಕೆ ಎರಡು ತೋಳು ಕೊಟ್ಟು, ಅವನ್ನು ಮೂಟೆ ಕೂರುವಷ್ಟು ಅಗಲ ಮಾಡಿಬಿಟ್ಟ. ಕಾಯ್ತು ಮೂರು ಸುತ್ತು ಬಂದ. ಎದುರಿನಿಂದ ಶಿಲುಬೆ, ಪಕ್ಕದಿಂದ ಜಗಲಿ!

"ಆಚಾರ್ರೇ, ಇದೇನ್ ಮಾಡಿದ್ರಿ?"

"ಕೈ ಚಾಚಿದ ಕಲ್ಲು ಬೇಕು ಅಂದೆ, ಚಾಚಿಸಿದೆ. ಚಾಚಿದ ಕೈಯಲ್ಲಿ ಏನೂ ಇಡಬಾರ್ದು ಅಂತ ನೀ ಹೇಳ್ಲಿಲ್ವಲ್ಲ ಮಾರಾಯ!"

ಪವಿತ್ರ ಶಿಲುಬೆಯ ಮೇಲೆ ಹುರುಳಿಮೂಟೆ ಇಳಿಸುತ್ತಿದ್ದಾರೆಂದು ಕೇಳಿದ ಪಾದ್ರಿಗಳು ಕೋಪಾವಿಷ್ಟರಾಗಿ ಅದನ್ನು ಕೀಳಿಸಲು ಹೊರಟರು. ಅವರ ಪೂಜಾಸಾಮಗ್ರಿಯ ಪೆಟ್ಟಿಗೆ ಹೊತ್ತ ಆಳು ಅರ್ಧದಾರಿಯಲ್ಲೇ ಪರಾರಿ. ಪೆಟ್ಟಿಗೆ ಪಾದ್ರಿಗಳ ತಲೆಗೇ ಬಂತು. ಉಪ್ಪಿನ ಹೊರೆ ಹೊತ್ತ ಕಾಯ್ತು "ಕೀಳಿಸ್ಬೇಡಿ ಪಾದ್ರ್ಯಾಬ್" ಎಂದು ಗೋಗರೆಯುತ್ತ ಹಿಂದೆಯೇ ಏದುಸಿರು ಬಿಡುತ್ತಿದ್ದ. ಕಲ್ಲಿನ ಬಳಿ ಬಂದದ್ದೇ ತಡ, ಒಂದು ವಾಣಿ ಕೇಳಿಸಿತು:

"ಇಳಿಸು ಮಗನೇ. ತೋಳು ಚಾಚಿರುವುದು ಅದಕ್ಕೇ."

ಇಬ್ಬರೂ ಇಳಿಸಿದರು.

"ಏನೋ ಕಾಯ್ತು, ನನ್ನನ್ನೇ ಮಗನೇ ಅಂತೀಯಾ?"

"ನಾನೆಲ್ಲಿ ಅಂದೆ? ನೀವು ನನಗೆ ಹೇಳಿದ್ರಿ ಅಂತ ನಾನು ಇಳಿಸಿದ್ದು!"

ಬಲದೋಳಿನಲ್ಲಿ ಪೆಟ್ಟಿಗೆ, ಎಡದೋಳಿನಲ್ಲಿ ಉಪ್ಪು. ನೆನೆದು ನೋಡಿದರೆ ವಾಣಿಯಾದರೋ ಹೆಂಗಸಿನದು. ಅದು ಮಾತೆ ಮರಿಯಮ್ಮನೋ ಮೊಂತಿನಬಾಯಿಯೋ ಎಂದು ಕಾಯ್ತುವಿಗೆ ಸಾಯುವವರೆಗೂ ತಿಳಿಯಲಿಲ್ಲ. ಪಾದ್ರಿಗಳು ಪೆಟ್ಟಿಗೆಯನ್ನು ಆ ತೋಳಿನಿಂದ ಕೆಳಗಿಳಿಸದೆಯೇ ತೆರೆದು, ಪವಿತ್ರಜಲ ತೆಗೆದು ಕಲ್ಲಿಗೆ ಚಿಮುಕಿಸಿದರು. ಕಾಯ್ತು ಗೊಳೋ ಎಂದು ಅತ್ತನು.

ಉಪ್ಪು ತಿಂದು ಸವೆದ ಆ ಎಡದೋಳಿನ ಗುಳಿಯನ್ನು ಭಕ್ತಾದಿಗಳು ಇಂದಿಗೂ ಕಾಣಬಹುದು. ರಸ್ತೆ ಅಗಲವಾಗುವಾಗ ಕಲ್ಲು ಕೀಳದಂತೆ ಸರಕಾರದವರು ಬೇಲಿ ಹಾಕಿ, 'ರಕ್ಷಿತ ಸ್ಮಾರಕ, ಮುಟ್ಟಬಾರದು' ಎಂಬ ಫಲಕ ನೆಟ್ಟಿದ್ದಾರೆ. ಶಿಲುಬೆಯೋ ಹೊರೆಗಲ್ಲೋ ಗೊತ್ತಾಗದೆ ಹೆಸರಿನ ಜಾಗ ಮಾತ್ರ ಖಾಲಿ. ಆ ಫಲಕ ಹೊತ್ತು ತಂದವನೂ ಅದನ್ನು ಮೊದಲು ಇಳಿಸಿದ್ದು ಎಡದೋಳಿನ ಮೇಲೆಯೇ. ಆದ್ದರಿಂದಲೋ ಏನೋ, ಬೇಲಿಗೆ ಆ ತೋಳಿನ ಕಡೆ ಒಂದು ಕಿಂಡಿಯಿದೆ. ತುಂಬುಬಸುರಿಯರು ಬಂದು ಕೈಚೀಲವನ್ನು ಅಲ್ಲಿ ಅರೆಗಳಿಗೆ ಇಡುತ್ತಾರೆ. ಕಾವಲುಗಾರನು ಸರಿಯಾಗಿ ಅದೇ ಹೊತ್ತಿಗೆ ಕಡಲ ಕಡೆ ತಿರುಗಿ ನಿಲ್ಲುತ್ತಾನೆ.