ಬೂದಿಯ ಗೆರೆ

"ಬುದ್ಧಿ, ಈ ಪುಸ್ತಕ ರಾತ್ರಿಗೂ ನನ್ನ ಹತ್ತಿರವೇ ಇರಬಹುದೇ?"

ನೀಲಾಂಬಿಕೆ ಗುರುಗಳನ್ನು ಹೀಗೆ ಕೇಳಿದ್ದು ಸಂಜೆ, ಮಠದ ಜಗಲಿಯಲ್ಲಿ. ಅವಳು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಜೀವಶಾಸ್ತ್ರದ ಆ ದಪ್ಪ ಪುಸ್ತಕ ಮಠದಲ್ಲಿ ಇದ್ದದ್ದು ಒಂದೇ. ಬೆಳಿಗ್ಗೆ ಅವಳು ಒಯ್ಯಬೇಕು, ದೀಪ ಹಚ್ಚುವ ಹೊತ್ತಿಗೆ ತಂದುಕೊಡಬೇಕು. ಆಮೇಲೆ ಅದನ್ನು ವಿದ್ಯಾರ್ಥಿನಿಲಯದ ಹುಡುಗರು ಓದುತ್ತಾರೆ. ಇದು ಗುರುಗಳೇ ಮಾಡಿದ ಕಟ್ಟಳೆ.

"ಯಾಕೆ?" ಎಂದರು ಗುರುಗಳು.

"ನನ್ನ ಜೊತೆ ಪರೀಕ್ಷೆ ಬರೆಯುವವರ ಹತ್ತಿರ ಸ್ವಂತ ಪುಸ್ತಕಗಳಿವೆ. ಸಾಲು ಸಾಲಿಗೂ ಹಳದಿ, ಹಸಿರು ಬಣ್ಣ ಎಳೆದುಕೊಂಡಿದ್ದಾರೆ. ಬೇಕೆಂದಾಗ ತೆರೆದು ಮತ್ತೆ ಮತ್ತೆ ಓದುತ್ತಾರೆ. ನಾನು ಇದರ ಮೇಲೆ ಒಂದು ಗೀಟೂ ಹಾಕುವಂತಿಲ್ಲ. ಹಿಂದಿರುಗಿಸಿ ಮನೆ ಸೇರುವಷ್ಟರಲ್ಲಿ ಅರ್ಧ ಮರೆತಿರುತ್ತೇನೆ. ಈ ಸಲ ಸೀಟು ಸಿಗದಿದ್ದರೆ ಮನೆಯಲ್ಲಿ ಇನ್ನೊಂದು ವರ್ಷ ಓದಲು ಬಿಡುವುದಿಲ್ಲ. ಇದೆಲ್ಲ ನಮ್ಮಂಥವರಿಗಲ್ಲ ಎಂದು ಚಿಕ್ಕಪ್ಪ ಈಗಲೇ ಶುರುಮಾಡಿದ್ದಾರೆ. ಪುಸ್ತಕವೇ ಕೈಯಲ್ಲಿ ನಿಲ್ಲದಿದ್ದರೆ ನಾನು ಓದಿದ್ದನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ ಬುದ್ಧಿ?"

ಕೊನೆಯ ಮಾತಿಗೆ ಅವಳ ದನಿ ಏರಿತು. ಗುರುಗಳಿಗೆ ಅದು ಇಷ್ಟವಾಯಿತು. ತಲೆ ತಗ್ಗಿಸಿ ಕೇಳುವವರಿಗಿಂತ ಜಗಳಕ್ಕೆ ಬಂದವರಂತೆ ಕೇಳುವವರನ್ನು ಕಂಡರೆ ಅವರಿಗೆ ಹೆಚ್ಚು ಪ್ರೀತಿ.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಪುಸ್ತಕವನ್ನು ಎದೆಗೆ ಅಷ್ಟು ಬಿಗಿಯಾಗಿ ಅವಚಿಕೊಳ್ಳಬೇಡ, ಅದೇನೂ ಓಡಿಹೋಗುವುದಿಲ್ಲ," ಎಂದು ಗುರುಗಳು ಶುರುಮಾಡಿದರು.

ಒಂದು ಊರು. ಆ ಊರಿಗೆ ಒಬ್ಬ ರಾಣಿ. ಅರಮನೆಯ ಅಂಗಳಕ್ಕೆ ದಿನವೂ ರಂಗೋಲಿ ಹಾಕಲು ಒಬ್ಬ ಮುದುಕಿ ಇದ್ದಳು. ಮುದುಕಿಯ ಕೈ ನಡುಗತೊಡಗಿತು. ಅವಳ ಜಾಗಕ್ಕೆ ಇನ್ನೊಬ್ಬಳು ಬೇಕಾಯಿತು. ರಾಣಿ ಡಂಗುರ ಹೊಡೆಸಿದಳು. ಯುಗಾದಿಯ ಬೆಳಿಗ್ಗೆ ಊರಿನ ಯಾವ ಹೆಂಗಸಾದರೂ ಬಂದು ಅರಮನೆಯ ಅಂಗಳದಲ್ಲಿ ಕಮಲದ ಬಳ್ಳಿ ಬಿಡಿಸಬಹುದು. ಸರಿಯಾಗಿ ಬಿಡಿಸಿದವಳಿಗೆ ಅರಮನೆಯಲ್ಲಿ ಕೆಲಸ, ಇರಲು ಒಂದು ಕೋಣೆ, ಬದುಕಿರುವ ತನಕ ಊಟ.

ಕಮಲದ ಬಳ್ಳಿ ಊರಿಗೆಲ್ಲ ಗೊತ್ತಿದ್ದ ರಂಗೋಲಿ. ನೋಡುವುದಕ್ಕೆ ಸುಲಭ. ಆದರೆ ಹೊರಟ ಗೆರೆ ಎಲ್ಲೂ ತುಂಡಾಗದೆ, ಎಲ್ಲ ಚುಕ್ಕಿಗಳನ್ನೂ ಸುತ್ತಿ, ಹೊರಟಲ್ಲಿಗೇ ಬಂದು ಸೇರಬೇಕು. ಒಂದು ತಿರುವು ತಪ್ಪಿದರೂ ಗೆರೆ ಮರಳಿ ಬರುವುದಿಲ್ಲ, ಎಲ್ಲೋ ಹೋಗಿ ನಿಲ್ಲುತ್ತದೆ.

ಆ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಸೊಸೆಯ ಮೇಲೆ ಪ್ರಾಣ. ಸೊಸೆ ಹಾಕಿದ ರಂಗೋಲಿ ಒಂದು ದಿನವೂ ಕೆಡಬಾರದು ಎಂದು ಅವಳು ಕಲ್ಲುಕುಟಿಗನನ್ನು ಕರೆಸಿ ಬಾಗಿಲ ಮುಂದಿನ ಚಪ್ಪಡಿಯ ಮೇಲೆ ಕಮಲದ ಬಳ್ಳಿಯನ್ನೇ ಕೊರೆಸಿಬಿಟ್ಟಿದ್ದಳು. ಸೊಸೆ ಬೆಳಿಗ್ಗೆ ಎದ್ದು ಚಪ್ಪಡಿ ತೊಳೆಯುವಳು, ಕೊರೆದ ಗೆರೆಯೊಳಗೆ ಪುಡಿ ತುಂಬುವಳು. ಕೂದಲೆಳೆಯಷ್ಟೂ ತಪ್ಪಿಲ್ಲ. ಬೀದಿಯಲ್ಲಿ ಹೋಗುವವರು ನಿಂತು, ನೋಡಿ, ಹೊಗಳಿ ಹೋಗುವರು. ಹೊಗಳಿಕೆ ಕೇಳಿ ಕೇಳಿ ತನಗೆ ಬಳ್ಳಿ ಬಂದಿದೆ ಎಂದು ಅವಳೂ ನಂಬಿದಳು. ಅವಳು ಸೋಮಾರಿಯಾಗಿರಲಿಲ್ಲ, ಅದನ್ನು ಮರೆಯಬೇಡ. ಡಂಗುರ ಕೇಳಿದ ಮೇಲೆ, ಊಟಕ್ಕೋ ಕೋಣೆಗೋ ಅಲ್ಲ, ಗೆದ್ದವಳೆಂಬ ಹೆಸರಿಗಾಗಿ, ಬೆಳಿಗ್ಗೆ ತುಂಬಿದ್ದನ್ನು ತೊಳೆದು ಸಂಜೆ ಮತ್ತೆ ತುಂಬಿದಳು, ಬೆನ್ನು ನೋಯುವ ತನಕ ತುಂಬಿದಳು. ಅವಳನ್ನು ನೆನೆದರೆ ನನಗೆ ಈಗಲೂ ಅಯ್ಯೋ ಎನ್ನಿಸುತ್ತದೆ.

ಅದೇ ಬೀದಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ಇನ್ನೂ ಚಿಕ್ಕ ವಯಸ್ಸು. ಗಂಡ ಸತ್ತ ದಿನದಿಂದ ಅವಳು ರಂಗೋಲಿ ಮುಟ್ಟುವಂತಿರಲಿಲ್ಲ. ಈ ಕಟ್ಟಳೆ ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುವುದಿತ್ತು. ಅತ್ತೆಯ ಮನೆಯಲ್ಲಿ ದುಡಿಮೆಯೂ ಅವಳದೇ, ಬೈಗುಳವೂ ಅವಳಿಗೇ. ಅವಳು ಉಣ್ಣಲು ಕೂತರೆ ಅತ್ತೆ ಅವಳ ತಟ್ಟೆಯನ್ನೇ ನೋಡುವಳು. ಅರಮನೆಯ ಒಂದು ಕೋಣೆ ಎಂದರೆ ಅವಳಿಗೆ ನೆಮ್ಮದಿಯಾಗಿ ಉಸಿರಾಡುವ ಜಾಗ. ಡಂಗುರದವನು ಯಾವ ಹೆಂಗಸಾದರೂ ಎಂದದ್ದನ್ನು ಅವಳು ಬಾವಿಕಟ್ಟೆಯಲ್ಲಿ ನಿಂತು ಕೇಳಿದಳು. ಆಗಲೇ ತೀರ್ಮಾನ ಮಾಡಿದಳು.

ನೀರಿಗೆ ಹೋಗುವಾಗ ವ್ಯಾಪಾರಿಯ ಮನೆ ಸಿಗುತ್ತಿತ್ತು. ಕೊಡ ಇಳಿಸಿ ಸುಧಾರಿಸಿಕೊಳ್ಳುವವಳ ಹಾಗೆ ನಿಂತು ಕಲ್ಲಿನ ಬಳ್ಳಿಯನ್ನು ಕಣ್ತುಂಬ ನೋಡುವಳು. ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಮನೆಗೆ ಬಂದು ಹಿತ್ತಿಲಿನ ದನದ ಕೊಟ್ಟಿಗೆಯ ಹಿಂದೆ ಒಂದಿಷ್ಟು ನೆಲ ಸಾರಿಸಿದಳು. ಪುಡಿ ಎಲ್ಲಿಂದ ಬರಬೇಕು? ಒಲೆಯ ಬೂದಿ ಹಿಡಿದಳು. ಚುಕ್ಕಿ ಇಟ್ಟು ಗೆರೆ ಎಳೆದಳು.

ಮೊದಲ ದಿನವೇ ಅತ್ತೆ ನೋಡಿಬಿಟ್ಟಳು. "ಗಂಡನನ್ನು ನುಂಗಿದವಳಿಗೆ ರಂಗೋಲಿ ಬೇರೆ ಕೇಡು! ಒರೆಸೇ ಅದನ್ನ!" ಎಂದಳು. ಅವಳು ಅಳುತ್ತ ಒರೆಸಿದಳು. ಮರುದಿನ ಮತ್ತೆ ಎಳೆದಳು. ಅತ್ತೆ ಮತ್ತೆ ಒರೆಸಿದಳು, ಈ ಸಲ ತನ್ನ ಕಾಲಿನಿಂದಲೇ. ಅವಳು ಮತ್ತೆ ಎಳೆದಳು. ಇಬ್ಬರೂ ಹಟಮಾರಿಗಳು. ಒರೆಸಿದ ನೆಲದ ಮೇಲೆ ನಿನ್ನೆಯದರ ಗುರುತೂ ಉಳಿಯುತ್ತಿರಲಿಲ್ಲ. ಆದ್ದರಿಂದ ದಿನವೂ ಮೊದಲ ಚುಕ್ಕಿಯಿಂದಲೇ ಹೊರಡಬೇಕು, ಎಲ್ಲವನ್ನೂ ತಲೆಯೊಳಗಿನಿಂದಲೇ ತೆಗೆಯಬೇಕು.

"ತಪ್ಪುತ್ತಿರಲಿಲ್ಲವೇ ಬುದ್ಧಿ?" ಎಂದಳು ನೀಲಾಂಬಿಕೆ.

"ತಪ್ಪದೆ ಇರುತ್ತದೆಯೇ? ದಿನವೂ ತಪ್ಪುತ್ತಿತ್ತು," ಎಂದರು ಗುರುಗಳು.

ಕೆಳಗಿನ ಎಡ ಮೂಲೆಯಲ್ಲಿ ಗೆರೆ ಒಳಕ್ಕೆ ತಿರುಗಬೇಕಾದದ್ದು ಹೊರಕ್ಕೆ ಹೋಗುತ್ತಿತ್ತು. ಆದರೆ ತಪ್ಪಿದ್ದು ಅವಳ ಕಣ್ಣಿಗೆ ಕಾಣುತ್ತಿತ್ತು. ಕಲ್ಲಿನ ಗೆರೆಯಲ್ಲಿ ಪುಡಿ ತುಂಬುವವಳಿಗೆ ತನಗೆ ಎಲ್ಲಿ ಬರುವುದಿಲ್ಲ ಎಂಬುದು ತಿಳಿಯುವುದಾದರೂ ಹೇಗೆ? ಮರುದಿನ ವ್ಯಾಪಾರಿಯ ಮನೆ ಮುಂದೆ ಕೊಡ ಇಳಿಸಿದಾಗ ವಿಧವೆ ಬಳ್ಳಿಯನ್ನೆಲ್ಲ ನೋಡಲಿಲ್ಲ, ಆ ಎಡ ಮೂಲೆಯನ್ನು ಮಾತ್ರ ನೋಡಿದಳು. ಆಗಲೇ ಕೈಗೆ ಬಂದದ್ದನ್ನೇ ನೋಡಿ ನೋಡಿ ಸಂತೋಷಪಡಲು ಅವಳಿಗೆ ಪುರುಸೊತ್ತಿರಲಿಲ್ಲ. ಹಿತ್ತಿಲಿಗೆ ಬಂದು ಆ ಮೂಲೆಯನ್ನೇ ಮೊದಲು ಎಳೆದಳು.

ನಡುವೆ ಅತ್ತೆಯ ತಂಗಿ ಸಂಸಾರ ಸಮೇತ ಬಂದು ಕೆಲವು ದಿನ ಮನೆಯಲ್ಲಿ ಉಳಿದಳು. ಹಿತ್ತಿಲಿನಲ್ಲಿ ಸದಾ ಜನ. ಬೂದಿ ಹಿಡಿಯಲು ಆಗಲಿಲ್ಲ. ನೆಂಟರು ಹೋದ ಮೇಲೆ ಅವಳು ಕೊಟ್ಟಿಗೆಯ ಹಿಂದೆ ಕೂತರೆ ಕೈಯಲ್ಲಿ ಬೂದಿ ಇದೆ, ತಲೆಯಲ್ಲಿ ಏನೂ ಇಲ್ಲ. ಎದ್ದು ಓಡಿಹೋಗಿ ಕಲ್ಲನ್ನು ನೋಡಿ ಬರಬಹುದಿತ್ತು. ಅವಳು ಏಳಲಿಲ್ಲ. ಕಾಲು ಜೋಮು ಹಿಡಿಯುವ ತನಕ ಕೂತಳು. ಒಂದು ತಿರುವು ನೆನಪಾಯಿತು. ಅದರ ಬೆನ್ನಿಗೆ ಇನ್ನೊಂದು. ಹಾಗೆ ಕಷ್ಟಪಟ್ಟು ಎಳೆದು ತಂದ ಗೆರೆ ಆಮೇಲೆ ಅವಳನ್ನು ಬಿಟ್ಟು ಹೋಗಲಿಲ್ಲ.

ಆಮೇಲೆ ಒಂದು ದಿನ ಅವಳು ಇನ್ನೊಂದು ಕೆಲಸ ಮಾಡಿದಳು. ಬಳ್ಳಿ ಮುಗಿಯಿತು. ಅತ್ತೆಯ ಹೆಜ್ಜೆಯ ಸದ್ದು ಇನ್ನೂ ಇಲ್ಲ. ಅವಳಾಗಿಯೇ ಒರೆಸಿಬಿಟ್ಟಳು. ಒರೆಸು ಎಂದು ಇನ್ನೊಬ್ಬರು ಹೇಳುವ ತನಕ ನಾನೇಕೆ ಕಾಯಲಿ ಎಂಬ ಸಿಟ್ಟು ಅವಳಿಗೆ. ಒರೆಸಿ ಮತ್ತೆ ಎಳೆದಳು. ಮತ್ತೆ ಒರೆಸಿದಳು. ಅತ್ತೆ ಬೈಗುಳ ಕೂಡಿಸಿಕೊಂಡು ಬಂದಾಗ ಅಲ್ಲಿ ಬರಿಯ ನೆಲ. ಬೈಗುಳ ಬಾಯಲ್ಲೇ ಉಳಿಯಿತು.

ಯುಗಾದಿ ಬಂತು. ಅರಮನೆಯ ಬಾಗಿಲಲ್ಲಿ ಕಾವಲಿನವನು ವಿಧವೆಯನ್ನು ತಡೆದ.

"ನೀನೆಲ್ಲಮ್ಮಾ ಇಲ್ಲಿ? ಹಬ್ಬದ ದಿನ, ಶುಭದ ಅಂಗಳ ಇದು."

"ಡಂಗುರದವನು ಯಾವ ಹೆಂಗಸಾದರೂ ಬರಬಹುದು ಎಂದ. ನಾನು ಹೆಂಗಸಲ್ಲ ಎಂದು ನಿಮ್ಮ ರಾಣಿಯ ಬಾಯಲ್ಲಿ ಹೇಳಿಸು. ಬಂದ ದಾರಿಯಲ್ಲೇ ಹೋಗುತ್ತೇನೆ."

ಆ ಮಾತನ್ನು ಹೋಗಿ ರಾಣಿಗೆ ಹೇಳುವ ಧೈರ್ಯ ಕಾವಲಿನವನಿಗೆ ಇರಲಿಲ್ಲ. ದಾರಿ ಬಿಟ್ಟ.

ಅಂಗಳವನ್ನು ಸಗಣಿಯಿಂದ ಸಾರಿಸಿದ್ದರು. ಒಂದು ಗೀಟೂ ಇಲ್ಲದ ಬರಿಯ ನೆಲ. ಮೊದಲು ವ್ಯಾಪಾರಿಯ ಸೊಸೆಯನ್ನು ಕರೆದರು. ಅವಳೇ ಗೆಲ್ಲುತ್ತಾಳೆ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಅವಳು ಚುಕ್ಕಿ ಇಟ್ಟಳು. ಗೆರೆ ಹೊರಡಿಸಿದಳು. ನಾಲ್ಕು ತಿರುವು ಸರಿಯಾಗಿಯೇ ಹೋಯಿತು. ಆಮೇಲೆ ಅವಳ ಬೆರಳು ನೆಲದ ಮೇಲೆ ಕೊರೆದ ಗೆರೆಯನ್ನು ಹುಡುಕಿತು. ನೆಲದಲ್ಲಿ ಅದು ಇರಲಿಲ್ಲ. ಕಮಲದ ಬಳ್ಳಿ ಅವಳ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಯಾರಾದರೂ ಎಳೆದು ತೋರಿಸಿದ್ದರೆ ತಪ್ಪೋ ಸರಿಯೋ ತಕ್ಷಣ ಹೇಳುತ್ತಿದ್ದಳು. ಕೈಗೆ ಮಾತ್ರ ಬರಲಿಲ್ಲ. ಗೆರೆ ಎಲ್ಲೋ ಹೋಗಿ ನಿಂತಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದಳು.

ಇನ್ನೂ ಕೆಲವರು ಬಂದರು, ಹೋದರು. ಕೊನೆಗೆ ವಿಧವೆ ಮುಂದೆ ಬಂದಳು. ಎದುರಿಗೆ ಬೆಳ್ಳಗಿನ ರಂಗೋಲಿ ಪುಡಿಯ ಬಟ್ಟಲಿತ್ತು. ಗಂಡ ಸತ್ತ ಮೇಲೆ ಅವಳು ಮುಟ್ಟದ ಪುಡಿ. ಎಲ್ಲರ ಕಣ್ಣೆದುರಿಗೆ ಹಿಡಿ ತುಂಬ ತೆಗೆದುಕೊಂಡಳು.

ಜನ ಗಲಾಟೆ ಮಾಡಿದರು. ಎಬ್ಬಿಸಿ ಅವಳನ್ನ ಎಂದು ಯಾರೋ ಕೂಗಿದರು. ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು. ಅವಳು ಬೈಗುಳವಿಲ್ಲದೆ ಒಂದು ದಿನವಾದರೂ ಗೆರೆ ಎಳೆದಿದ್ದಳೇ? ಎಳೆಯುತ್ತ ಹೋದಳು. ಕೆಳಗಿನ ಎಡ ಮೂಲೆಗೆ ಬಂದಾಗ ಅವಳ ಕೈ ನಿಂತಿತು. ಆ ಮೂಲೆ ಅವಳಿಗೆ ಹಳೆಯ ಪರಿಚಯ. ಅಲ್ಲಿ ತಪ್ಪಬಹುದಾದ ದಾರಿಗಳೆಲ್ಲ ಅವಳಿಗೆ ಗೊತ್ತಿದ್ದವು, ಆದ್ದರಿಂದ ತಪ್ಪದ ದಾರಿಯೂ ಗೊತ್ತಿತ್ತು. ಗೆರೆಯನ್ನು ಒಳಕ್ಕೆ ತಿರುಗಿಸಿದಳು. ಅದು ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರಿತು.

ಅರಮನೆಯ ಮುದುಕಿ ಗೆರೆಯ ಸುತ್ತ ಒಂದು ಸಲ ನಡೆದು ನೋಡಿದಳು. "ಯಾರು ತಾಯಿ ನಿನಗೆ ಕಲಿಸಿದ್ದು?" ಎಂದಳು.

ವಿಧವೆ ಕೈಯ ಪುಡಿ ಕೊಡವಿಕೊಂಡು ಗುಂಪಿನಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿದಳು.

"ನಮ್ಮತ್ತೆ. ದಿನಾ ನಿಂತು ಒರೆಸಿ ಒರೆಸಿ ಕಲಿಸಿದರು."

ಕೂಗುತ್ತಿದ್ದ ಜನವೇ ನಕ್ಕುಬಿಟ್ಟಿತು. ಅತ್ತೆಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ಆ ದಿನ ವಿಧವೆ ಅರಮನೆಯ ಕೋಣೆಯಲ್ಲಿ ಉಂಡಳು. ಅವಳ ತಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಒಳಗೆ ಯಾರೋ ದೀಪ ಹಚ್ಚಿದರು. ವಿದ್ಯಾರ್ಥಿನಿಲಯದ ಹುಡುಗನೊಬ್ಬ ಪುಸ್ತಕಕ್ಕೆಂದು ಬಂದು ಮೆಟ್ಟಿಲ ಕೆಳಗೆ ನಿಂತ. ನೀಲಾಂಬಿಕೆ ತೊಡೆಯ ಮೇಲಿದ್ದ ಪುಸ್ತಕವನ್ನು ನೋಡಿದಳು. ಅವಳಿಗೆ ಕತೆ ಅರ್ಥವಾಗಿತ್ತು. ಹಾಗೆಂದು ಸುಮ್ಮನೆ ಸೋಲೊಪ್ಪುವ ಹುಡುಗಿಯಲ್ಲ ಅವಳು.

"ಹಾಗಾದರೆ ನಾನು ಇದನ್ನು ಎಂದಿನ ಹಾಗೆ ಸಂಜೆಗೇ ತಂದುಕೊಡಬೇಕು, ಅಷ್ಟೇ ತಾನೇ?" ಎಂದಳು.

ಗುರುಗಳು ಕೈ ಚಾಚಿದರು. ಅವಳು ಪುಸ್ತಕ ಕೊಟ್ಟಳು. ಗುರುಗಳು ಅದನ್ನು ಮೆಟ್ಟಿಲ ಕೆಳಗಿನ ಹುಡುಗನಿಗೆ ದಾಟಿಸಿ ಅವಳ ಕಡೆ ತಿರುಗಿದರು.

"ಸಂಜೆಗಲ್ಲ ಮಗಳೇ, ನಾಳೆಯಿಂದ ಮಧ್ಯಾಹ್ನಕ್ಕೇ ತಂದುಕೊಟ್ಟು ಬರಿಯ ಹಾಳೆಯ ಮುಂದೆ ಕೂತುಕೋ."