ಬಾವುಟ ನೆಟ್ಟವರು ಬಡಿಸಬೇಕು

1846ರಲ್ಲಿ, ಆಗಿನ್ನೂ ಮೆಕ್ಸಿಕೋ ದೇಶಕ್ಕೆ ಸೇರಿದ್ದ ನ್ಯೂ ಮೆಕ್ಸಿಕೋದ ಹಳ್ಳಿಯೊಂದಕ್ಕೆ ಅಮೆರಿಕದ ದಂಡು ಹಸಿದು ಬಂದು, ಯೂಫೇಮಿಯಜ್ಜಿಯ ಅಂಗಳದಲ್ಲಿ ಬಾವುಟ ನೆಟ್ಟಿತು. ನಿಂತಲ್ಲಿ ನಿಲ್ಲಲಾರದ ಕ್ಯಾಪ್ಟನ್ ಗುಡುಗಿದ: "ಈ ಮನೆ, ಹೊಲ, ಕುರಿ ಎಲ್ಲಾ ಇನ್ನು ನಮ್ಮದು. ನಿಮ್ಮ ಪದ್ಧತಿಗಳಿಗೆ ಮಾತ್ರ ನಾವು ಕೈಹಾಕುವುದಿಲ್ಲ. ಬೇಗ ಊಟ ಹಾಕು."

ಅಜ್ಜಿ ಅಡುಗೆಯ ಪಾತ್ರೆ ತಂದಿಟ್ಟು, ಸೌಟನ್ನು ಅವನ ಕೈಗೆ ಕೊಟ್ಟಳು. ಊರವರನ್ನೆಲ್ಲ ಕರೆದು ಸಾಲಾಗಿ ಕೂರಿಸಿ, ತಾನೂ ತಟ್ಟೆ ಹಿಡಿದು ಕೂತಳು.

"ಏನಿದು?"

"ನಮ್ಮ ಪದ್ಧತಿ ಸ್ವಾಮಿ. ಬಂದವರಿಗೆಲ್ಲ ಬಡಿಸಿ, ಉಳಿದರೆ ಮನೆಯವರು ಉಣ್ಣಬೇಕು. ಬೆಳಿಗ್ಗೆವರೆಗೂ ಮನೆಯವಳು ನಾನಾಗಿದ್ದೆ. ಈಗ ನೀವು."

ಕ್ಯಾಪ್ಟನ್ ಪಾತ್ರೆ ನೋಡಿದ, ಸಾಲು ನೋಡಿದ. ಹಿಂದೆ ಸಿಪಾಯಿಗಳ ಹೊಟ್ಟೆ ಗುರುಗುಟ್ಟಿತು. ಅವನು ಬಾವುಟ ಕಿತ್ತು ಬೇಲಿಯಾಚೆ ಇಟ್ಟು ಬಂದು, ಸೌಟು ಹಿಂದಿರುಗಿಸಿ, ಟೋಪಿ ತೆಗೆದ.

"ಅಮ್ಮಾ, ದಾರಿಹೋಕರು ನಾವು. ತಿನ್ನೋಕೆ ಏನಾದರೂ ಇದೆಯಾ?"