ಹೆಗ್ಗಣ ಹೇಳಿದ ಬೆಳಕು

ಗುರುಬಸವ್ವ ಹೊಸ ಮನೆಯಿಂದ ಹಿತ್ತಲ ಶೆಡ್ಡಿಗೆ ಕರೆಂಟಿನ ಕೇಬಲ್ ಹೂಳಿಸಿದಳು. ಅಲ್ಲೇ ಬಿಲ ತೋಡುತ್ತಿದ್ದ ಹೆಗ್ಗಣಕ್ಕೆ ಸಿಟ್ಟು ಬಂತು.

“ನನ್ನ ದಾರಿಗೆ ಅಡ್ಡ ಮಲಗಿದ್ದೀಯೆ. ಕಡಿದು ಹಾಕುತ್ತೇನೆ!”

“ಮೊದಲು ಶೆಡ್ಡಿಗೆ ಹೋಗಿ ನೋಡಿ ಬಾ,” ಎಂದಿತು ಕೇಬಲ್.

ಹೆಗ್ಗಣ ಹೋಯಿತು. ಮುಸ್ಸಂಜೆಯ ಕತ್ತಲಲ್ಲಿ ಆಡೊಂದು ಈಯಲಾರದೆ ನರಳುತ್ತಿತ್ತು. ಗುರುಬಸವ್ವ ಸ್ವಿಚ್ ಒತ್ತಿದಳು. ಶೆಡ್ಡಿನ ತುಂಬ ಬೆಳಕಾಯಿತು. ಮರಿಯ ಕಾಲು ಮಡಚಿಕೊಂಡಿದ್ದು ಕಂಡು, ಅವಳು ಮೆಲ್ಲಗೆ ಬಿಡಿಸಿ ಮರಿಯನ್ನು ಹೊರತೆಗೆದಳು. ಅದು ಅರಚಿತು. ಹೆಗ್ಗಣ ಎವೆಯಿಕ್ಕದೆ ನಿಂತುಬಿಟ್ಟಿತು.

ಮರಳಿ ಬಂದು ಕೇಳಿತು: “ಅಷ್ಟು ಬೆಳಕು ನಿನ್ನೊಳಗಿಂದಲೇ ಹೋಯಿತೇ? ಇಲ್ಲಿ ಒಂದು ಕಿಡಿಯೂ ಕಾಣಲಿಲ್ಲವಲ್ಲ!”

“ನಾನೂ ಅದನ್ನು ಕಂಡಿಲ್ಲ,” ಎಂದಿತು ಕೇಬಲ್. “ಹೇಗಿತ್ತು, ಹೇಳು.”

ಹೆಗ್ಗಣ ಎಲ್ಲವನ್ನೂ ಹೇಳಿತು. ಆಮೇಲೆ ಬಿಲವನ್ನು ಬೇರೆ ಕಡೆಗೆ ತೋಡತೊಡಗಿತು.